ಎದೆಯೊಳಗಿನ ಒತ್ತುವರಿ

ಚಳ್ಳಕೆರೆ
11 ನವೆಂಬರ್ 2025, ಮಂಗಳವಾರ

ಅಕ್ಕಾ,

ಮೊಳಕಾಲ್ಮೂರಿನಲ್ಲಿರುವ ನಿನ್ನ ಪಾದಕ್ಕೆ ಇಲ್ಲಿಂದಲೇ ಅಡ್ಡಬಿದ್ದಿದ್ದೇನೆ. ನಿಜವಾಗಿ ಬಿದ್ದಿಲ್ಲ. ಬಗ್ಗಿದರೆ ಬಲಪಕ್ಕೆ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡರೆ ನಾನು "ಹಾ" ಅನ್ನುತ್ತೇನೆ, "ಹಾ" ಅಂದರೆ ವನಜಾಕ್ಷಿ ಅಡುಗೆಮನೆಯಿಂದಲೇ ಡಾಕ್ಟರಿಗೆ ಫೋನು ಹಚ್ಚುತ್ತಾಳೆ. ಆದ್ದರಿಂದ ಕಾಗದದ ಮೇಲೆ ಬಿದ್ದಿದ್ದೇನೆ ಅಂತ ತಿಳಿದುಕೋ.

ಐದು ತಿಂಗಳು ಬರೆಯದೆ ಇದ್ದದ್ದು ನನ್ನ ತಪ್ಪು. ಮೂವತ್ತೆಂಟು ವರ್ಷ ತಾಲ್ಲೂಕು ಕಚೇರಿ ಎದುರು ಕೂತು ಊರವರ ಕ್ರಯಪತ್ರ, ದಾನಪತ್ರ, ಅಣ್ಣತಮ್ಮಂದಿರ ವಿಭಾಗಪತ್ರ ಎಲ್ಲ ಬರೆದ ಕೈ ಇದು. ಕಂಡವರ ಹೊಲ ಕಂಡವರಿಗೆ ದಾಟಿಸುವಾಗ ಒಂದು ಸಲವೂ ತಡವರಿಸಲಿಲ್ಲ. ಒಡಹುಟ್ಟಿದವಳಿಗೆ ನಾಲ್ಕು ಪುಟ ಬರೆಯಲು ಐದು ತಿಂಗಳು ತಿಣುಕಿತು.

ಫೋನು ಮಾಡಬಾರದಿತ್ತೆ ಅಂತ ಕೇಳಬೇಡ. ನಿನ್ನ ಕಿವಿಗೆ ಫೋನು ಹಿಡಿದರೆ, ನಾನು ಏನೇ ಹೇಳಲಿ, ನೀನು ಕೇಳುವುದು ಒಂದೇ: "ಆಂ? ಆ ಕಡೆ ಮಳೆ ಬಂತಾ?" ಈಗ ಅದೂ ಇಲ್ಲ. ಫೋನನ್ನು ನಿನ್ನ ಮಗ ಎತ್ತುತ್ತಾನೆ. ಬೆಳಿಗ್ಗೆ ಹತ್ತಕ್ಕೆ ಮಾಡಿದರೂ "ಅವ್ವ ಮಲಗವಳೆ ಮಾವ", ಸಂಜೆ ನಾಲ್ಕಕ್ಕೆ ಮಾಡಿದರೂ "ಅವ್ವ ಮಲಗವಳೆ ಮಾವ". ಹುಟ್ಟಿದಾಗಿನಿಂದ ಹಗಲು ಹೊತ್ತು ನೆಲಕ್ಕೆ ಬೆನ್ನು ತಾಗಿಸದ ಹೆಂಗಸು ನೀನು. ಪಾಪ ಮಾರುತೇಶನಿಗೆ ಸುಳ್ಳು ಹೇಳಲು ನಾವ್ಯಾರೂ ಕಲಿಸಲಿಲ್ಲ. ಇರುವ ಒಂದನ್ನೇ ಒಗೆದು ಒಣಗಿಸಿ ಮತ್ತೆ ಉಡುತ್ತಾನೆ. ಕಿವಿ ಹೋದರೂ ನಿನ್ನ ಕಣ್ಣು ಇನ್ನೂ ತುಂಡಾದ ರೇಷ್ಮೆ ಎಳೆಗೆ ಗಂಟು ಹಾಕುವಷ್ಟು ಚುರುಕಾಗಿದೆಯಲ್ಲ, ಆ ಧೈರ್ಯದಲ್ಲಿ ಈ ಕಾಗದ.

ಮೊದಲು ಕೆಲಸದ ಮಾತು. ಇದೇ ಇಪ್ಪತ್ನಾಲ್ಕನೇ ತಾರೀಕು ಸೋಮವಾರ ಬೆಂಗಳೂರಿನಲ್ಲಿ ನನ್ನನ್ನು ಎರಡನೇ ಸಲ ಸುಡುತ್ತಾರೆ. ಗಾಬರಿಯಾಗಬೇಡ, ಒಳಗೆ ಮಾತ್ರ. ಅದಕ್ಕೆ ಮುಂಚೆ ನೀನು ಬರಬೇಕು. ಇಷ್ಟೇ ವಿಷಯ. ಇನ್ನು ಮುಂದೆ ಬರೆಯುವುದೆಲ್ಲ ಹೊಟ್ಟೆಯುರಿ. ನಿನಗೆ ಯಾರ್ಯಾರೋ ಅರ್ಧರ್ಧ ಹೇಳಿರುತ್ತಾರೆ, ನಾನು ಮೊದಲಿಂದ ಹೇಳುತ್ತೇನೆ.

ಏಪ್ರಿಲ್‌ನಲ್ಲಿ ನಾನು ಹರ್ನಿಯಾ ಆಪರೇಶನ್ನಿಗೆ ಅಂತ ಹೋದೆನಲ್ಲ, ಅಲ್ಲಿ ಎದೆ ಫೋಟೋ ತೆಗೆದರು. ಕೆಳಗಿನ ರಿಪೇರಿಗೆ ಹೋದವನಿಗೆ ಮೇಲ್ಮಹಡಿ ಸರಿಯಿಲ್ಲ ಅಂದರು. ಆಮೇಲೆ ಸ್ಕ್ಯಾನು, ಸೂಜಿ ಹಾಕಿ ಚೂರು ತೆಗೆದು ನೋಡುವುದು, ಇನ್ನೊಂದು ದೊಡ್ಡ ಸ್ಕ್ಯಾನು. ಕೊನೆಗೆ ಹೇಳಿದರು: ಶ್ವಾಸಕೋಶದ ಕ್ಯಾನ್ಸರ್, ಆದರೆ ಚಿಕ್ಕದು, ಎಲ್ಲಿಗೂ ಹರಡಿಲ್ಲ. ಮೂರು ಆಸ್ಪತ್ರೆಗಳ ಐದು ಜನ ಡಾಕ್ಟರು ನನ್ನ ಕೈ ಕುಲುಕಿ "ನೀವು ಅದೃಷ್ಟವಂತರು" ಅಂದರು. ಐದನೆಯವರು ಅಂದಾಗ ನನಗೆ ತಡೆಯಲಾಗಲಿಲ್ಲ. "ಸಾರ್, ಈ ಅದೃಷ್ಟ ನಿಮಗೇ ಬರೆದುಕೊಡ್ತೀನಿ, ಸ್ಟಾಂಪ್ ಪೇಪರ್ ನನ್ನ ಬ್ಯಾಗಲ್ಲೇ ಐತೆ" ಅಂದೆ. ವನಜಾಕ್ಷಿ ಕಾಲು ತುಳಿದಳು.

ಆ ಗಂಟಿನ ವಿವರವನ್ನು ನನಗೆ ಬರುವ ಭಾಷೆಯಲ್ಲೇ ಕೊಡುತ್ತೇನೆ. ಬೊಮ್ಮಲಿಂಗಪ್ಪ ಬಿನ್ ಲೇಟ್ ಸೂರಪ್ಪ ಇವರ ಸ್ವಾಧೀನಾನುಭವದಲ್ಲಿರುವ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಹದಿನೆಂಟು ಮಿಲಿಮೀಟರ್ ಅಗಲದ ಗಂಟು ಒಂದು. ಚೆಕ್ಕುಬಂದಿ: ಮುಂದಕ್ಕೆ ಪಕ್ಕೆಲುಬು, ಹಿಂದಕ್ಕೆ ಹೆಗಲಮೂಳೆ, ಬಲಕ್ಕೆ ಎದೆಗೂಡಿನ ಗೋಡೆ, ಎಡಕ್ಕೆ ಅರ್ಜಿದಾರರ ಖಾಸಾ ಶ್ವಾಸಕೋಶ. ಖಾತೆ ಇಲ್ಲ, ಪಹಣಿ ಇಲ್ಲ, ಶುದ್ಧ ಒತ್ತುವರಿ.

ಕೊಯ್ದು ತೆಗೆಯೋಣ ಅಂದರು ಮೊದಲು. ಅದಕ್ಕೆ ನನಗೆ ಉಸಿರು ಎಷ್ಟಿದೆ ಅಂತ ಅಳೆಯಬೇಕಂತೆ. ಬಾಯಿಗೆ ಒಂದು ಕೊಳವೆ ಕೊಟ್ಟು ಒಬ್ಬ ಹುಡುಗಿ "ಊದಿ ಅಂಕಲ್, ಊದಿ ಊದಿ ಊದಿ, ಇನ್ನೂ ಇನ್ನೂ ಇನ್ನೂ" ಅಂತ ನನ್ನ ಕಿವಿ ಹತ್ತಿರ ಕಿರುಚಿದಳು. ಅವಳ ಕಿರುಚಾಟದಲ್ಲಿದ್ದ ಗಾಳಿಯ ಕಾಲುಭಾಗವೂ ನನ್ನಲ್ಲಿ ಇರಲಿಲ್ಲ. ಬೀಡಿ ಬಿಟ್ಟು ನಾಲ್ಕು ವರ್ಷ ಆಯಿತು ಅಂತ ಹೇಳಿದೆ. ಅವಳು ನಂಬಿದಳು, ಯಂತ್ರ ನಂಬಲಿಲ್ಲ. ಅದರ ಹಿಂದಿನ ನಲವತ್ತು ವರ್ಷವನ್ನೂ ಹಿಡಿದು ಕೇಳಿತು. ಇವರ ಶ್ವಾಸಕೋಶದಲ್ಲಿ ಒಂದು ಭಾಗ ಕೊಯ್ದರೆ ಉಳಿದದ್ದು ಇವರನ್ನು ಸಾಕುವುದಿಲ್ಲ ಅಂತ ತೀರ್ಮಾನ ಆಯಿತು.

ಆಗ ನಮ್ಮನ್ನು ತೇಜಶ್ರೀ ಅನ್ನುವ ಡಾಕ್ಟರ ಹತ್ತಿರ ಕಳಿಸಿದರು. ಅಕ್ಕಾ, ಆಯಮ್ಮ ಮಾತ್ರ ಮನುಷ್ಯರ ಹಾಗೆ ಮಾತಾಡಿದರು. "ಸ್ಕ್ಯಾನ್‌ನಲ್ಲಿ ನೋಡ್ಕೊಂಡು ಎದೆ ಮುಂಭಾಗದಿಂದ ಒಂದು ಸಣ್ಣ ಸೂಜಿ ಗಂಟಿನ ನಡುಮಧ್ಯಕ್ಕೆ ಹಾಕ್ತೀವಿ. ಸೂಜಿ ತುದಿಯಲ್ಲಿ ಬಿಸಿ ಹುಟ್ಟುತ್ತೆ. ಹತ್ತು ನಿಮಿಷ. ಗಂಟು ಇದ್ದಲ್ಲೇ ಬೆಂದು ಸಾಯುತ್ತೆ. ನಿಮಗೆ ಮತ್ತು ಬರಿಸಿರ್ತೀವಿ, ಗೊತ್ತಾಗಲ್ಲ" ಅಂದರು.

ವನಜಾಕ್ಷಿ ಕೇಳಿದಳು: "ಡಾಕ್ಟ್ರೇ, ಅನ್ನ ಬಿಸಿ ಮಾಡೋ ಪೆಟ್ಟಿಗೆ ಬರ್ತದಲ್ಲ, ಹಂಗಾ?"

"ಅದೇ ಥರದ ಅಲೆ ಅಮ್ಮ. ಪೆಟ್ಟಿಗೆ ಇರಲ್ಲ ಅಷ್ಟೇ."

"ಹಂಗಾದ್ರೆ ಇವರು ಪೂರ್ತಿ ಬಿಸಿ ಆಗಲ್ವಾ?"

"ಗಂಟು, ಅದರ ಸುತ್ತ ಅರ್ಧ ಬೆರಳಿನಷ್ಟು ಜಾಗ, ಅಷ್ಟೇ. ಆ ಸುತ್ತಿನ ಜಾಗ ಮುಖ್ಯ. ಅಂಚಲ್ಲಿ ಒಂದು ಕಾಳಿನಷ್ಟು ಉಳಿದ್ರೂ ಮತ್ತೆ ಬೆಳೆಯುತ್ತೆ."

ನನಗೆ ತಕ್ಷಣ ತಿಳಿಯಿತು: ಹೊಲದ ಜೊತೆ ಬದುವನ್ನೂ ಸೇರಿಸಿ ಸುಡಬೇಕು. "ಗಂಟು ಚಿಕ್ಕದಿದ್ದಷ್ಟೂ ಒಳ್ಳೇದು. ಮೂರು ಸೆಂಟಿಮೀಟರಿನ ಹತ್ತಿರ ಹೋದ್ರೆ ಬಿಸಿ ಅಂಚಿಗೆ ಸರಿಯಾಗಿ ಮುಟ್ಟೋ ಭರವಸೆ ಕಡಿಮೆ. ನಿಮ್ಮದು ಇನ್ನೂ ಎರಡು ಆಗಿಲ್ಲ. ತಡ ಮಾಡೋದು ಬೇಡ" ಅಂತ ಜೂನ್ ಒಂಬತ್ತಕ್ಕೆ ದಿನ ಕೊಟ್ಟರು. ಫೋಟೋ ತೋರಿಸಿ, ನನ್ನ ಎದೆಯ ಮೇಲೆ ಬೆರಳಿಟ್ಟು, "ಇಲ್ಲಿಂದ ಹೋಗ್ತೀವಿ" ಅಂದರು. ಆ ಜಾಗವನ್ನು ನಾನು ಚೆನ್ನಾಗಿ ನೆನಪಿಟ್ಟುಕೊಂಡೆ. ನೆನಪಿಟ್ಟುಕೊಳ್ಳಬಾರದಿತ್ತು.

ಊರಿಗೆ ಬಂದೆನಲ್ಲ, ಶುರುವಾಯಿತು. ವನಜಾಕ್ಷಿ ಒಬ್ಬರಿಗೂ ಹೇಳಬಾರದು ಅಂತ ಎಲ್ಲರಿಗೂ ಫೋನು ಮಾಡಿ ಹೇಳಿದ್ದಳು. ಬಂದವರೆಲ್ಲ ಬಾಳೆಹಣ್ಣಿನ ಜೊತೆ ಒಂದೊಂದು ಸತ್ತವರ ಕಥೆಯನ್ನೂ ತಂದರು. "ನಮ್ಮ ಷಡ್ಡಕಂಗೂ ಹಿಂಗೇ ಆಗಿತ್ತು, ಭಾಳ ಗಟ್ಟಿ ಮನುಷ್ಯ, ಮೂರೇ ತಿಂಗಳು." ಹೇಳಿ, ನನ್ನ ಹಣ್ಣು ಅವರೇ ಸುಲಿದು ತಿಂದು ಹೋದರು. ಒಬ್ಬರು ಹುರುಳಿಕಟ್ಟು ಕುಡಿ ಅಂದರು, ಇನ್ನೊಬ್ಬರು ಹುರುಳಿಯ ಮುಖ ನೋಡಬೇಡ ಅಂದರು. ನನ್ನ ಪಕ್ಕದಲ್ಲೇ ಕೂತು ಮೂವತ್ತು ವರ್ಷ ಪತ್ರ ಬರೆದ ಮರುಳಪ್ಪ ಬಂದ. ಸುಡುತ್ತಾರೆ ಅನ್ನುವುದನ್ನು ಪೂರ್ತಿ ಕೇಳಿಸಿಕೊಂಡು, ತೊಡೆ ತಟ್ಟಿ ನಕ್ಕ.

"ಲೇ ಬೊಮ್ಮ, ಬರೆ ಹಾಕಿಸ್ಕೊಳ್ಳಾಕೆ ಬೆಂಗ್ಳೂರಿಗೆ ಹೋಗ್ತೀಯೇನ್ಲೇ? ನಿಮ್ಮಕ್ಕ ಮೊಳಕಾಲ್ಮೂರಾಗೆ ಕುಂತವಳಲ್ಲೋ!"

ನಾನು ನಕ್ಕುಬಿಡಬೇಕಿತ್ತು. ಅವ್ವನ ಕೈಯಿಂದ ನಿನ್ನ ಕೈಗೆ ಬಂದ ವಿದ್ಯೆ ಅದು ಅಂತ ಈ ಸೀಮೆಗೆಲ್ಲ ಗೊತ್ತು. ಕೂಸುಗಳಿಗೆ ಕಾಮಾಲೆ ಅಂದರೆ ಅರಿಶಿನದ ಕೊಂಬು ಸುಟ್ಟು ತಾಗಿಸುವುದು, ದೊಡ್ಡವರಿಗೆ ಸೊಂಟ ಹಿಡಿದರೆ ಕಬ್ಬಿಣದ ಕಡ್ಡಿ, ಮೇವು ಬಿಟ್ಟ ಕರುವಿಗೆ ಕುಡುಗೋಲ ತುದಿ. ನಮ್ಮ ಕಡೆ ಅರವತ್ತು ದಾಟಿದ ಯಾವ ಹೊಟ್ಟೆಯನ್ನು ಬೇಕಾದರೂ ತೆಗೆದು ನೋಡು, ಅವ್ವನದೋ ನಿನ್ನದೋ ಸಹಿ ಇರುತ್ತದೆ. ನನ್ನ ಹೊಟ್ಟೆಯ ಮೇಲೇ ಎರಡಿವೆ. ಅದರಿಂದ ವಾಸಿಯಾಯಿತೋ, ತಾನಾಗಿ ಹೋಗುವ ನೋವು ತಾನಾಗಿ ಹೋಯಿತೋ, ನಾವು ಯಾವತ್ತೂ ಕೇಳಲಿಲ್ಲ.

ಮರುಳಪ್ಪ ಹೋದ. ಮಾತು ಹೋಗಲಿಲ್ಲ. ಡಾಕ್ಟರು ಮಾಡುವುದೂ ಬಿಸಿ, ಅಕ್ಕ ಮಾಡುವುದೂ ಬಿಸಿ. ಅಲ್ಲಿ ಮತ್ತು ಬರಿಸಿ, ಕಣ್ಣಿಗೆ ಕಾಣದ ಹಾಗೆ, ಗುರುತಿಲ್ಲದ ಕೈ. ಇಲ್ಲಿ ಹುಟ್ಟಿದಾಗಿನಿಂದ ಬಲ್ಲ ಕೈ. ಮೂವತ್ತೆಂಟು ವರ್ಷ ಸರ್ವೆ ನಂಬರು ಬರೆದ ಮನುಷ್ಯ, ಊರೊಂದೇ ಆದರೆ ಹೊಲವೂ ಒಂದೇ ಅಂತ ತಿಳಿದುಕೊಂಡ ಹಾಗಾಯಿತು.

ಜೂನ್ ಐದಕ್ಕೆ, ವನಜಾಕ್ಷಿಗೆ ತಳಕಿನಲ್ಲಿ ಒಂದು ಪತ್ರದ ಕೆಲಸ ಐತೆ ಅಂತ ಹೇಳಿ ಬಸ್ಸು ಹತ್ತಿದೆ. ತಳಕಿನಲ್ಲಿ ಇಳಿಯಲಿಲ್ಲ. ನಿಮ್ಮ ಮನೆಯ ಒಲೆಯ ಮುಂದೆ ಅವತ್ತು ಏನು ನಡೆಯಿತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅದನ್ನಿಲ್ಲಿ ಬರೆಯುವುದಿಲ್ಲ. ಸಂಜೆ ಬಸ್ಸಿಗೆ ಅಂಗಿಯ ಒಳಗೆ ಒಂದು ಹಳೇ ರೂಪಾಯಿ ನಾಣ್ಯದಗಲ ಬರೆ ಇಟ್ಟುಕೊಂಡು ಚಳ್ಳಕೆರೆಗೆ ಬಂದೆ. ನಾಲ್ಕು ದಿನ ವನಜಾಕ್ಷಿಯ ಎದುರು ಅಂಗಿ ಬಿಚ್ಚಲಿಲ್ಲ. ಆ ಸೆಕೆಯಲ್ಲಿ ಅಂಗಿ ಹಾಕಿಕೊಂಡೇ ಮಲಗುವ ಗಂಡನನ್ನು ನೋಡಿ ಅವಳು, ಭಯಕ್ಕೆ ಚಳಿ ಹತ್ತಿದೆ ಅಂತ ಕಂಬಳಿಯನ್ನೂ ಹೊದಿಸಿದಳು. ಅದರ ಕೆಳಗೆ ನಾನು ಬೆಂದದ್ದನ್ನು ಮೈಕ್ರೋವೇವಿಗೂ ಮಾಡಲಾಗುತ್ತಿರಲಿಲ್ಲ.

ಒಂಬತ್ತರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಿಂದೆ ಲಾಡಿ ಕಟ್ಟುವ ಹಸಿರು ಅಂಗಿ ಕೊಟ್ಟರು. ನರ್ಸು ನನ್ನ ಅಂಗಿ ಬಿಚ್ಚಿಸಿ ನೋಡಿ, ಡಾಕ್ಟರನ್ನು ಕರೆಯಲು ಹೊರಗೆ ಓಡಿದಳು. ತೇಜಶ್ರೀ ಡಾಕ್ಟರು ಬಂದರು. ಬರೆ ಅಷ್ಟೊತ್ತಿಗೆ ಕೀವು ತುಂಬಿ ಊದಿಕೊಂಡಿತ್ತು. ನನಗೆ ಸಕ್ಕರೆ ಕಾಯಿಲೆ ಬೇರೆ. ಆಯಮ್ಮ ಕೈಗವಸು ಹಾಕಿಕೊಂಡು ಬರೆಯ ಸುತ್ತ ಒತ್ತಿ ನೋಡಿದರು. ಅವರಿಗೆ ಸಿಟ್ಟು ಬಂದದ್ದನ್ನು ಅವತ್ತೇ ಮೊದಲು ನೋಡಿದ್ದು.

"ನಾವು ಹೊರಗೆ ಮುಟ್ಟದೆ ಒಳಗೆ ಸುಡೋಣ ಅಂತಿದ್ವಿ. ನೀವು ಒಳಗೆ ಮುಟ್ಟದೆ ಹೊರಗೆ ಸುಟ್ಕೊಂಡು ಬಂದಿದ್ದೀರ. ಅದೂ ನಾನು ಸೂಜಿ ಹಾಕೋ ಜಾಗದಲ್ಲೇ! ಬೊಮ್ಮಲಿಂಗಪ್ಪನವರೇ, ಈ ಕೀವಿನ ಮೂಲಕ ಸೂಜಿ ಹಾಕಿದ್ರೆ ಅದು ಎದೆಯೊಳಗೆ ಇಳಿಯುತ್ತೆ. ಹಿಂದಿನಿಂದ ಹೋಗೋಣ ಅಂದ್ರೆ ಹೆಗಲಮೂಳೆ ಅಡ್ಡ ಇದೆ. ಯಾರು ಮಾಡಿದ್ದು ಇದನ್ನ?"

"ನಮ್ಮಕ್ಕ" ಅಂದೆ.

ಪಕ್ಕದಲ್ಲಿ ವನಜಾಕ್ಷಿ ನಿಂತಿದ್ದಳು. ಅವಳು ಕಿರುಚಲಿಲ್ಲ, ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು. ನಾನು ಹೆದರಬೇಕಾದದ್ದು ಕ್ಯಾನ್ಸರಿಗಲ್ಲ ಅಂತ ಆಗಲೇ ಗೊತ್ತಾಯಿತು.

ಆ ವಾರವೇ ಅವಳು ನಿಮ್ಮೂರಿಗೆ ಬಂದು ನಿಮ್ಮ ಬೀದಿಯಲ್ಲಿ ನಿಂತದ್ದು. ನಾನು ಮನೆಯಲ್ಲಿ ಎದೆಗೆ ಬ್ಯಾಂಡೇಜು ಸುತ್ತಿಕೊಂಡು ದಾಳಿಂಬೆ ತಿನ್ನುತ್ತಾ ಮಲಗಿದ್ದೆ. ನಿಮ್ಮ ಎದುರುಮನೆ ಪೆದ್ದಣ್ಣ ಮಗ್ಗ ನಿಲ್ಲಿಸಿ ಎದ್ದು ಬಂದು ನೋಡಿದನಂತೆ. ಅವನ ಮಗ್ಗ ಹಗಲು ನಿಂತದ್ದು ಅವತ್ತು ಒಂದೇ ದಿನವಂತೆ. ಸಂಜೆ ನನಗೆ ಫೋನು ಮಾಡಿ ಅವನ ತೆಲುಗಿನಲ್ಲೂ ಕನ್ನಡದಲ್ಲೂ ಎಲ್ಲ ಹೇಳಿದ. "ನಿನ್ನ ಹೆಂಡ್ತಿ ಬಿಡಲಿಲ್ಲಪ್ಪಾ. ನನ್ನ ಗಂಡನ್ನ ಸುಟ್ಟಾಕಿದ್ಯಲ್ಲೇ, ಇನ್ಯಾರನ್ನ ಸುಡ್ತೀಯ, ಕೂಸುಗಳನ್ನ ಕರ್ಕೊಂಡು ಬರಬೇಡಿ ಈ ಮನೆಗೆ, ಅಂತ ಬೀದಿಗೆಲ್ಲ ಕೇಳೋ ಹಂಗೆ ಅಂದ್ಲು. ಮೀ ಅಕ್ಕ ಒಕ್ಕ ಮಾಟ ಅನಲೇದಪ್ಪಾ. ಒಂದು ಮಾತಾಡಲಿಲ್ಲ. ಬಾಗಿಲಾಗೆ ನಿಂತು ಎಲ್ಲಾ ಕೇಳಿಸ್ಕೊಂಡ್ಲು."

ನಿನಗೆ ಕಿವಿ ಕೇಳಿಸುವುದಿಲ್ಲ, ಪುಣ್ಯ, ಅಂತ ನಾನು ಅಂದೆ. ಪೆದ್ದಣ್ಣ ನಗಲಿಲ್ಲ.

ಆಮೇಲೆ ಯಾರೂ ನಿನ್ನ ಹತ್ತಿರ ಬರುತ್ತಿಲ್ಲವಂತೆ. ಕಡ್ಡಿಯನ್ನು ಗುಜರಿಯವನಿಗೆ ಹಾಕಿದೆಯಂತೆ. ಹಾಕಿದ್ದು ಒಳ್ಳೆಯದೇ ಆಯಿತು ಅಕ್ಕಾ, ನನ್ನ ಎದೆಯ ಮೇಲಿನ ಗುಂಡಿ ನೋಡಿದವನಾಗಿ ಹೇಳುತ್ತೇನೆ, ಇನ್ನು ಯಾವ ಕೂಸಿಗೂ ಅದು ಬೇಡ. ಆದರೆ ಕಡ್ಡಿಯ ಜೊತೆಗೆ ನೀನು ಹೊರಗೆ ಬರುವುದನ್ನೂ ಗುಜರಿಗೆ ಹಾಕಿಬಿಟ್ಟೆಯಂತೆ. ಸಂತೆಗೆ ಬರಲ್ಲವಂತೆ, ಜಗಲಿಯ ಮೇಲೂ ಕೂರಲ್ಲವಂತೆ. ಇದು ಯಾವ ಕಾನೂನು?

ಇತ್ತ ನನ್ನ ಬರೆ ಮಾಯಲು ಏಳು ವಾರ ತೆಗೆದುಕೊಂಡಿತು. ದಿನಾ ಡ್ರೆಸ್ಸಿಂಗು. ದಿನಾ ವನಜಾಕ್ಷಿಯ ಪ್ರವಚನ. ಹೊರಗಿನದು ಮಾಯುತ್ತಿದ್ದಾಗ ಒಳಗಿನ ಒತ್ತುವರಿದಾರ ಸುಮ್ಮನೆ ಕೂತಿರಲಿಲ್ಲ. ಆಗಸ್ಟಿನಲ್ಲಿ ಮತ್ತೆ ಅಳೆದರೆ ಹದಿನೆಂಟು ಇದ್ದದ್ದು ಇಪ್ಪತ್ತಾರು ಆಗಿತ್ತು. ನನ್ನ ಹೊಲದಲ್ಲಿ ಯಾವ ಬೆಳೆಯೂ ಇಷ್ಟು ಹುಲುಸಾಗಿ ಬಂದದ್ದಿಲ್ಲ.

ಆಗಸ್ಟ್ ನಾಲ್ಕಕ್ಕೆ ಸುಟ್ಟರು. ಅದರ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ, ಅದೇ ಅವಮಾನ. ಇಷ್ಟೆಲ್ಲ ಹೆದರಿ, ಇಷ್ಟೆಲ್ಲ ಅನಾಹುತ ಮಾಡಿಕೊಂಡು ಹೋದರೆ, ಎಣಿಸಿ ಅಂದರು, ನಾಲ್ಕರವರೆಗೆ ಎಣಿಸಿದೆ, ಎದ್ದಾಗ ಮುಗಿದಿತ್ತು. ಎದೆಯ ಮೇಲೆ ಒಂದು ಸಾಸಿವೆಯಷ್ಟು ತೂತು, ಅದಕ್ಕೊಂದು ಪಟ್ಟಿ. ನಿನ್ನ ಬರೆಯ ಕಲೆಯ ಪಕ್ಕದಲ್ಲಿ ಅದು ಜಿಲ್ಲಾಧಿಕಾರಿ ಪಕ್ಕ ಜವಾನ ನಿಂತ ಹಾಗಿತ್ತು. ಮಧ್ಯೆ ಸ್ವಲ್ಪ ಗಾಳಿ ಸೋರಿ, ಎರಡು ದಿನ ಪಕ್ಕೆಗೆ ಕೊಳವೆ ಹಾಕಿದ್ದರು. ಅದೂ ಆಗುವುದುಂಟಂತೆ. ಜ್ವರ ಬಂತು, ಹೋಯಿತು. ನಾಲ್ಕನೇ ದಿನ ಮನೆಯಲ್ಲಿದ್ದೆ. ವಾರಕ್ಕೆ ಮರುಳಪ್ಪ ಬಂದು ತೂತು ನೋಡಿ, "ಇಷ್ಟೇನಾ?" ಅಂದ. ಅವನನ್ನು ಹೊರಗೆ ಕಳಿಸಲು ವನಜಾಕ್ಷಿಯೇ ಬೇಕಾಯಿತು.

ಈಗ ಬಂದ ಕಷ್ಟ ಕೇಳು. ಕಳೆದ ವಾರ ಮೂರು ತಿಂಗಳ ಸ್ಕ್ಯಾನು ಆಯಿತು. ಡಾಕ್ಟರು ಚಿತ್ರ ತೋರಿಸಿದರು. ಮೂರು ಕಡೆಯ ಬದು ಚೆನ್ನಾಗಿ ಸುಟ್ಟಿದೆ. ನಾಲ್ಕನೇ ಕಡೆ, ಎದೆಗೋಡೆಯ ಪಕ್ಕದಲ್ಲಿ, ಉಗುರಿನಂಥ ಒಂದು ಅಂಚು ಬಿಳುಪಾಗಿ ಉಳಿದಿದೆ. ಅದು ಬದುಕಿದೆ. "ಈಗಲೇ ಅಷ್ಟನ್ನ ಮಾತ್ರ ಮತ್ತೊಮ್ಮೆ ಸುಟ್ಟರೆ ಕೈಗೆ ಸಿಗುತ್ತೆ. ಬಿಟ್ರೆ ಸಿಗಲ್ಲ" ಅಂದರು. ಆಮೇಲೆ ಮೆಲ್ಲಗೆ, ನನ್ನನ್ನು ನೋಡದೆ, "ಜೂನ್‌ನಲ್ಲೇ ಆಗಿದ್ರೆ ಬಹುಶಃ ಒಂದೇ ಸಲಕ್ಕೆ ಮುಗೀತಿತ್ತು" ಅಂದರು.

ಅದನ್ನು ವನಜಾಕ್ಷಿ ಕೇಳಿಸಿಕೊಂಡಳು.  ಬಸ್ಸು ಹಿರಿಯೂರು ದಾಟಿದ ಮೇಲೆ ಕಿಟಕಿ ಕಡೆ ಮುಖ ಮಾಡಿ ಹೇಳಿದಳು: "ನಿಮ್ಮಕ್ಕ ನಮ್ಮನೆ ಹೊಸಲು ದಾಟಿ ಒಳಗೆ ಬಂದ ದಿನ, ನಾನು ಅದೇ ಹೊಸಲು ದಾಟಿ ಹೊರಗೆ ಹೋಗ್ತೀನಿ." ಇದು ಆಜ್ಞೆ. ಇದರ ಮೇಲೆ ಅಪೀಲು ಇಲ್ಲ. ನಾನು ಹಾಗಿದ್ದರೂ ನಿನ್ನನ್ನು ಬಾ ಅನ್ನುತ್ತಿದ್ದೇನೆ, ಹೇಗೆ ಬರುತ್ತೀ ಅಂತ ನನಗೇ ಗೊತ್ತಿಲ್ಲ.

ಯಾಕೆ ಬರಬೇಕು ಅಂದರೆ, ಆ ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಅಂಕಲ್ ಅನ್ನುತ್ತಾರೆ. ಊದಿಸುವವಳು ಅಂಕಲ್, ರಕ್ತ ತೆಗೆಯುವವನು ಅಂಕಲ್, ಗಾಲಿ ಮಂಚ ತಳ್ಳುವವನಿಗೆ ನನಗಿಂತ ವಯಸ್ಸಾಗಿದೆ, ಅವನೂ ಅಂಕಲ್. ವನಜಾಕ್ಷಿ "ಏನ್ರೀ" ಅನ್ನುತ್ತಾಳೆ. ಆಗಸ್ಟಿನಲ್ಲಿ ಒಳಗೆ ತಳ್ಳಿಕೊಂಡು ಹೋಗುವಾಗ ಮೇಲಿನ ದೀಪಗಳು ಒಂದಾದ ಮೇಲೊಂದು ಹಿಂದಕ್ಕೆ ಹೋಗುತ್ತಿದ್ದವು. ಅರವತ್ತೆಂಟು ವರ್ಷದ ಮುದುಕನಿಗೆ ನಾಚಿಕೆಗೇಡು ಅನ್ನಿಸಿದರೂ ಬರೆಯುತ್ತೇನೆ, ಯಾರಾದರೂ "ಲೇ ಬೊಮ್ಮ, ಅಳುಬುರುಕ, ಸುಮ್ನೆ ಮಲಕ್ಕೋ" ಅಂತ ಗದರಿದ್ದರೆ ಚೆನ್ನಾಗಿತ್ತು. ಹಾಗೆ ಗದರುವವರು ಈಗ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ಯಾವಾಗ ನೋಡಿದರೂ ಮಲಗಿರುತ್ತಾರಂತೆ.

ಹೋಗಲಿ. ಈ ವಯಸ್ಸಿನಲ್ಲಿ ಶೇಂಗಾ ಉಂಡೆ ಜಾಸ್ತಿ ತಿನ್ನಬೇಡ. ಬೆಳಗಿನ ಚಳಿಗೆ ಕಿವಿಗೆ ಬಟ್ಟೆ ಕಟ್ಟಿಕೋ, ಕೇಳಿಸದಿದ್ದರೂ ಅದು ಕಿವಿಯೇ. ಮಾರುತೇಶನಿಗೆ ನನ್ನ ಆಶೀರ್ವಾದ, ಅವನ ಸಿಟ್ಟಿಗೂ. ನಿನಗೆ ಆಶೀರ್ವಾದ ಮಾಡುವಷ್ಟು ದೊಡ್ಡವನು ನಾನಲ್ಲ, ನೀನೇ ಅಲ್ಲಿಂದ ಒಂದಿಷ್ಟು ಕಳಿಸು. ಇಪ್ಪತ್ನಾಲ್ಕರ ತನಕ ಕೆಡದ ಹಾಗಿರಲಿ.

ನಿನ್ನ ತಮ್ಮ
ಬೊಮ್ಮಲಿಂಗಪ್ಪ

ತಾ.ಕ.: ಮೇಲಿನದನ್ನು ಮೂರು ಸಲ ಓದಿದೆ. ಮೂವತ್ತೆಂಟು ವರ್ಷದಲ್ಲಿ ಇಷ್ಟು ಚಂದದ ಕಳ್ಳಪತ್ರ ನಾನು ಬರೆದಿರಲಿಲ್ಲ. ಒಲೆ ಮುಂದಿನ ವಿಷಯ ಬರೆಯುವುದಿಲ್ಲ ಅಂದೆನಲ್ಲ, ಅದನ್ನು ಬರೆಯದಿದ್ದರೆ ಉಳಿದದ್ದೆಲ್ಲ ರದ್ದಿ.

ನೀನು ಬೇಡ ಅಂದೆ. "ಇದು ನನ್ನ ಕೈಗೆ ಬರೋದಲ್ಲ ಕಣೋ, ಒಳಗಿಂದು, ಡಾಕ್ಟ್ರ ಹತ್ರ ಹೋಗು" ಅಂತ ಮೂರು ಸಲ ಅಂದೆ. ಅಟ್ಟದಿಂದ ಕಡ್ಡಿ ಇಳಿಸಿದವನು ನಾನು. ಒಲೆಗೆ ಇಟ್ಟವನು ನಾನು. ನೀನು ಹಾಕದಿದ್ದರೆ ಬೆಂಗಳೂರಿಗೂ ಹೋಗುವುದಿಲ್ಲ, ಹೀಗೇ ಸಾಯುತ್ತೇನೆ ಅಂತ ಹೆದರಿಸಿದವನು ನಾನು. ಒಂಬತ್ತಕ್ಕೆ ತಪ್ಪದೆ ಹೋಗುತ್ತೇನೆ ಅಂತ ಅವ್ವನ ಮೇಲೆ ಆಣೆ ಹಾಕಿಸಿಕೊಂಡ ಮೇಲೆ ನೀನು ಕಡ್ಡಿ ಹಿಡಿದದ್ದು. ಆಗಲೂ ತಾಗಿಸಿದ ಹಾಗೆ ಮಾಡಿ ತೆಗೆದುಬಿಡುವವಳಿದ್ದೆ. ಅದು ನನಗೆ ಗೊತ್ತಾಯಿತು. ನಿನ್ನ ಕೈ ಹಿಡಿದು ಎದೆಗೆ ಒತ್ತಿದವನು ನಾನು, ಡಾಕ್ಟರು ಬೆರಳಿಟ್ಟಿದ್ದ ಜಾಗಕ್ಕೇ. ಕಿರುಚಿದವಳು ನೀನು.

ನಾಲ್ಕು ದಿನ ಆದ ಮೇಲೆ ಡಾಕ್ಟರು ಯಾರು ಮಾಡಿದ್ದು ಅಂದಾಗ "ನಮ್ಮಕ್ಕ" ಅಂದೆ. ಅವತ್ತಿನಿಂದ ಇವತ್ತಿನವರೆಗೆ ಅದನ್ನು ತಿದ್ದಲಿಲ್ಲ. ವನಜಾಕ್ಷಿ ನಿನ್ನ ಬಾಗಿಲಿಗೆ ಬಂದಾಗ ಒಂದು ಮಾತಲ್ಲಿ ನೀನು ಅವಳ ಬಾಯಿ ಕಟ್ಟಬಹುದಿತ್ತು. ಬೀದಿಗೆಲ್ಲ ಕೇಳುವ ಆ ಕೂಗು ನಿನ್ನ ಮಂದ ಕಿವಿಗೂ ಪೂರ್ತಿ ಬಿದ್ದಿತ್ತು ಅಂತ ಪೆದ್ದಣ್ಣ ಆಮೇಲೆ ಹೇಳಿದ. ಕಣ್ಣಲ್ಲಿ ನೀರು ಬಂದಿತ್ತಂತೆ. ಗಂಡ ಹೆಂಡಿರ ನಡುವೆ ಬೆಂಕಿ ಬೀಳಬಾರದು ಅಂತ ನೀನು ಸುಮ್ಮನಿದ್ದೆ. ನಾನು ದಾಳಿಂಬೆ ತಿನ್ನುತ್ತಾ ಸುಮ್ಮನಿದ್ದೆ.

ಇದನ್ನು ವನಜಾಕ್ಷಿಯ ಎದುರು ಹೇಳಬೇಕು ಅಂತ ಐದು ತಿಂಗಳಿಂದ ದಿನಾ ಬಾಯಿ ತೆಗೆಯುತ್ತೇನೆ. ಬಾಯಿ ತೆಗೆದರೆ ಕಾಫಿ ಕೇಳುತ್ತೇನೆ. ದಿನಕ್ಕೆ ಏಳು ಕಾಫಿ ಆಗುತ್ತಿದೆ. ಆದ್ದರಿಂದ ಈ ಕವರನ್ನು ಅಂಟಿಸದೆ, ಪೋಸ್ಟಿಗೆ ಹಾಕು ಅಂತ ಅವಳ ಕೈಗೇ ಕೊಡುತ್ತಿದ್ದೇನೆ. ಮೂವತ್ತಾರು ವರ್ಷದ ಸಂಸಾರದಲ್ಲಿ ಅಂಟಿಸದ ಕವರನ್ನು ಅವಳು ಓದದೆ ಬಿಟ್ಟದ್ದು ನನಗೆ ನೆನಪಿಲ್ಲ.

ಬೊ.

ಅತ್ತಿಗೆಯವರಿಗೆ ವನಜಾಕ್ಷಿ ಮಾಡುವ ನಮಸ್ಕಾರಗಳು.

ಓದಿದೆ. ಪೋಸ್ಟಿಗೆ ಹಾಕಲಿಲ್ಲ, ನಾನೇ ತಂದಿದ್ದೀನಿ. ನೀವು ಇದನ್ನ ಓದ್ತಿರೋವಾಗ ನಾನು ನಿಮ್ಮ ಬಾಗಿಲ ಹೊರಗೇ ನಿಂತಿರ್ತೀನಿ. ನೀವು ಕರೆಯೋ ತನಕ ಒಳಗೆ ಬರಲ್ಲ. ಕರೀಲೇಬೇಕು ಅಂತೇನಿಲ್ಲ. ನಾನು ಅವತ್ತು ಅಂದದ್ದನ್ನ ಬೀದಿಯೋರೆಲ್ಲ ಕೇಳವ್ರೆ, ಇವತ್ತು ಹೇಳೋದನ್ನೂ ಅವರು ಕೇಳ್ಲಿ ಅಂತ ಪೆದ್ದಣ್ಣನವರಿಗೆ ಮಗ್ಗ ನಿಲ್ಲಿಸೋಕೆ ಹೇಳಿದ್ದೀನಿ. ಇವರನ್ನೂ ಕರ್ಕೊಂಡು ಬಂದು ಬೀದಿ ಮಧ್ಯೆ ನಿಲ್ಲಿಸಿದ್ದೀನಿ. ಮೊದಲು ಇವರು ಹೇಳ್ತಾರೆ, ಆಮೇಲೆ ನಾನು. ಇವರಿಗೆ ಕಾಫಿ ಕೊಡಬೇಡಿ.

ಇಪ್ಪತ್ನಾಲ್ಕಕ್ಕೆ ನೀವು ನಮ್ಮ ಜೊತೆ ಬೆಂಗಳೂರಿಗೆ ಬರಬೇಕು. ಒಳಗೆ ತಳ್ಕೊಂಡು ಹೋಗೋ ತನಕ ಇವರ ಕೈ ನೀವೇ ಹಿಡ್ಕೊಂಡಿರಿ. ನಾನು ಹಿಡಿದ್ರೆ ಮುರಿದುಬಿಡ್ತೀನಿ.